ಹಣೆಗೆ ಹತ್ತಿದ ಪೈಲಟ್

ನಿಲಂಗಾ, ಉಮರ್ಗಾ

ಪರದೇಶಕ್ಕೆ ಹೋಗಿಬರಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಾರೆ. ನಾನು ಮಾಡಿದ್ದು ಬರೀ ಗೊಬ್ಬರದ ವ್ಯಾಪಾರ. ಮಹಾರಾಷ್ಟ್ರದ ಗಡಿಯೊಳಗಿನ ನಿಲಂಗಾದ ಕಾಳಿನ ಪೇಟೆಯಲ್ಲಿ ನಮ್ಮ ಅಂಗಡಿ. ಮಳೆ ಬಂದೇ ಬರುತ್ತದೆಂದು ನಂಬಿ ರೈತರು ಚೀಲ ಒಯ್ದರು, ಕಂಪನಿ ಹೇಳಿದ ಗುರಿಯನ್ನು ನಾನು ಮುಟ್ಟಿದೆ, ಮಳೆ ಮಾತ್ರ ಯಾವ ಗುರಿಯನ್ನೂ ಮುಟ್ಟಲಿಲ್ಲ. ಕೊಟ್ಟ ಮಾತಿನಂತೆ ಕಂಪನಿಯವರು ನಮ್ಮಂಥ ಇಪ್ಪತ್ತು ಮಂದಿ ಡೀಲರುಗಳನ್ನು ನ್ಯೂಜಿಲೆಂಡಿಗೆ ಕರೆದುಕೊಂಡು ಹೊರಟರು. ಟಿಕೆಟ್ ಕೈಗೆ ಬಂದದ್ದು ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆಯಲ್ಲಿ. ಓಣಿಗೆ ಓಣಿಯೇ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುವಾಗ ಹೊಸ ಸೂಟ್‌ಕೇಸ್ ಹಿಡಿದು ಹೋಗಲು ನಾಚಿಕೆಯಾಯಿತು. ಅದನ್ನು ಖಾಲಿ ಗೊಬ್ಬರದ ಚೀಲದೊಳಗೆ ತುರುಕಿ, ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ಒಯ್ದೆ. ದಾರಿಯಲ್ಲಿ ಇಬ್ಬರು ಚೀಲದ ರೇಟು ಕೇಳಿದರು.

ಹೆಂಡತಿ ಶಾಂತಾ ಕಾಸಾರಶಿರಸಿಯವಳು. ಅಲ್ಲಿಯವರ ನಾಲಿಗೆ ಯಾರ ಮುಲಾಜಿಗೂ ಬೀಳುವುದಿಲ್ಲ. ಕಡಕ್ ರೊಟ್ಟಿ, ಅದಕ್ಕೆ ಚಟ್ನಿಪುಡಿಯಾಗಿ ಶೇಂಗಾ ಹಿಂಡಿ, ವಿಭೂತಿ ಗಟ್ಟಿ ಎಲ್ಲ ಕಟ್ಟಿಕೊಟ್ಟು ಹೇಳಿದಳು: "ಅಲ್ಲಿ ನೀರ ಭಾಳ ಅದಾವಂತ. ತಿಂಗಳದ ಜಳಕಾ ಎಲ್ಲಾ ಅಲ್ಲೇ ಮುಗಿಸ್ಕೊಂಡ್ ಬರ್ರಿ. ಇಲ್ಲಿ ಬಂದು ಕೇಳಬ್ಯಾಡ್ರಿ."

ನನಗೆ ಎತ್ತರವೆಂದರೆ ಜೀವ ಬಾಯಿಗೆ ಬರುತ್ತದೆ. ಅಂಗಡಿಯಲ್ಲಿ ಮೇಲಿನ ಸಾಲಿನ ಚೀಲ ಇಳಿಸಲೂ ನಾನು ಏಣಿ ಹತ್ತಿದವನಲ್ಲ. ವಿಮಾನದ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಸರಕಾರ ಮೋಡ ಬಿತ್ತನೆಗೆಂದು ಒಂದು ವಿಮಾನ ಕಳಿಸಿತ್ತು. ನಾವೆಲ್ಲ ಕುತ್ತಿಗೆ ನೋಯುವ ತನಕ ಮೇಲೆ ನೋಡಿದೆವು. ಅದು ಏನೋ ಉದುರಿಸಿ ಹೋಯಿತು, ಮಳೆ ಗಡಿ ದಾಟಿ ಭಾಲ್ಕಿ ಕಡೆ ಬಿದ್ದಿತು. "ವಿಮಾನ ಮಹಾರಾಷ್ಟ್ರದ್ದು, ಮಳಿ ಕರ್ನಾಟಕದ್ದು, ನಮಗ ಬರೀ ಸಪ್ಪಳ," ಎಂದಿದ್ದಳು ಶಾಂತಾ.

ಉಮರ್ಗಾದಲ್ಲಿ ಹೈದರಾಬಾದಿನ ಬಸ್ಸು ಹತ್ತಬೇಕಿತ್ತು. ಅಲ್ಲಿ ಕಲ್ಲಪ್ಪಣ್ಣ ಸಿಕ್ಕ. ಇವನೂ ಆ ಇಪ್ಪತ್ತರಲ್ಲೊಬ್ಬ, ಉದಗೀರದಲ್ಲಿ ಬೀಜ ಗೊಬ್ಬರದ ಅಂಗಡಿ. ನನ್ನ ವಾರಿಗೆಯವನು, ಬಾಯಿ ಜೋರು. ಉದಗೀರದಿಂದ ಬೀದರ ಮೇಲೆ ಹೋದರೆ ಹೈದರಾಬಾದು ಹತ್ತಿರ. ಆದರೂ ಉಮರ್ಗಾಕ್ಕೆ ಸುತ್ತು ಹಾಕಿ ಬಂದಿದ್ದ, ಯಾಕೆಂದರೆ ಅಲ್ಲಿ ಪರಿಚಯದ ವ್ಯಾಪಾರಿಗಳು ಹಾರ ಹಾಕುವವರಿದ್ದರು. ಹಾರ ಬಾಡುವ ತನಕ, ಅಂದರೆ ಜಹೀರಾಬಾದ್ ದಾಟುವ ತನಕ, ಅದನ್ನು ಕೊರಳಿಂದ ತೆಗೆಯಲಿಲ್ಲ. ಬಸವ ಜಯಂತಿ ಬಂತೆಂದರೆ ಉದಗೀರದಲ್ಲಿ ಭಾಷಣ ಇವನದೇ. "ಶರಣರಿಗೆ ಸೂತಕ ಇಲ್ಲ, ಸತ್ತದ್ದು ಹುಟ್ಟಿದ್ದು ಎಲ್ಲಾ ಒಂದ" ಎಂದು ಮೇಜು ಗುದ್ದಿ ಹೇಳುತ್ತಾನೆ. ಇದು ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಬಾಗಿಲಲ್ಲೇ ತಕರಾರು

ಆ ದೇಶದವರು ಹೊರಗಿನಿಂದ ಮನುಷ್ಯರು ಬಂದರೆ ನಗುತ್ತಾರೆ, ಬೀಜ ಮಣ್ಣು ಬಂದರೆ ಹೌಹಾರುತ್ತಾರೆ. ದೊಡ್ಡ ವಿಮಾನದಲ್ಲಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತು ನಾನು ಬಂದಿಳಿದ ಆಕ್ಲೆಂಡ್ ನಿಲ್ದಾಣದಲ್ಲಿ ಒಂದು ನಾಯಿ ನಮ್ಮ ಇಪ್ಪತ್ತೂ ಮಂದಿಯನ್ನು ಮೂಸಿ, ಕಲ್ಲಪ್ಪಣ್ಣನ ಚೀಲದ ಮುಂದೆ ಕುಳಿತೇಬಿಟ್ಟಿತು. ಶೇಂಗಾ ಹಿಂಡಿಯ ಮಹಿಮೆ. ಅವನ ಬುತ್ತಿಯೂ ಹೋಯಿತು, ನನ್ನದೂ ಹೋಯಿತು.

ಕೊನೆಗೆ ಅಧಿಕಾರಿ ಹುಡುಗಿ ನನ್ನ ವಿಭೂತಿ ಗಟ್ಟಿ ಎತ್ತಿ ಹಿಡಿದಳು. ಪವಿತ್ರ ಬೂದಿ ಎಂದೆ. ಯಾವುದನ್ನು ಸುಟ್ಟ ಬೂದಿ ಎಂದು ಕೇಳಿದಳು. ನಾನು ನಿಜ ಹೇಳಿದೆ: ಆಕಳ ಸಗಣಿ. ಆಕೆ ಒಂದು ಕ್ಷಣ ನನ್ನ ಹಣೆ ನೋಡಿದಳು, ಒಂದು ಕ್ಷಣ ಗಟ್ಟಿ ನೋಡಿದಳು, ಆಮೇಲೆ ಕೈಗವಸು ಹಾಕಿಕೊಂಡು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದಳು.

"ಖಡು ಅಂತ ಹೇಳಿದ್ರ ಮುಗೀತಿತ್ತು," ಎಂದ ಕಲ್ಲಪ್ಪಣ್ಣ. ನಮ್ಮ ಕಡೆ ಸೀಮೆಸುಣ್ಣಕ್ಕೆ ಮರಾಠಿಯ ಈ ಹೆಸರೇ. "ಸಗಣಿ ಅಂತ ಯಾಕ್ ಬಾಯಿ ಬಿಟ್ಟಿ? ಸತ್ಯ ಹರಿಶ್ಚಂದ್ರನ ಮೊಮ್ಮಗ!"

ಹಣೆ ಬೋಳಾಯಿತು. ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ನಿಜಕ್ಕೂ ಕಸಿವಿಸಿಯಾಯಿತು. ಏಳು ವರ್ಷದವನಿದ್ದಾಗಿನಿಂದ ಒಂದು ದಿನವೂ ವಿಭೂತಿ ಇಲ್ಲದೆ ಹೊರಗೆ ಬಿದ್ದವನಲ್ಲ. ಮರುದಿನ ಹೋಟೆಲಿನಲ್ಲಿ ಲಿಂಗಪೂಜೆಗೆ ಕುಳಿತಾಗ ಮೂರು ಬೆರಳು ತಾವಾಗಿಯೇ ಗಟ್ಟಿ ಹುಡುಕಿದವು.

ಮಳೆಗೆ ಕ್ಷಮೆ ಕೇಳುವವರು

ಮೂರು ದಿನ ನಾವು ಹುಲ್ಲು ನೋಡಿದೆವು. ಗುಡ್ಡಕ್ಕೂ ಹುಲ್ಲು, ಮೈದಾನಕ್ಕೂ ಹುಲ್ಲು, ರಸ್ತೆಯ ಬದಿಗೂ ಹುಲ್ಲು. ಅದರ ಮೇಲೆ ಕುರಿ. ದಿನಾ ಮಳೆ. ಮಳೆ ಹನಿದಾಗಲೆಲ್ಲ ನಮ್ಮ ಗೈಡ್ ಮೈಕ್ ಹಿಡಿದು ಕ್ಷಮೆ ಕೇಳುತ್ತಿದ್ದಳು, ಆಕೆಯೇ ಸುರಿಸಿದ ಹಾಗೆ. ಮೊದಲ ದಿನ ಆಕೆ ಕ್ಷಮೆ ಕೇಳುತ್ತಿರುವಾಗಲೇ ಬಸ್ಸಿನಿಂದಿಳಿದು ಇಪ್ಪತ್ತೂ ಮಂದಿ ಮಳೆಯಲ್ಲಿ ಸುಮ್ಮನೆ ನಿಂತೆವು. ಯಾರೂ ಫೋಟೋ ತೆಗೆಯಲಿಲ್ಲ. ಆಕೆ ಗಾಬರಿಯಾಗಿ ಛತ್ರಿ ಹಂಚಿದಳು.

ರೂಢಿ ಬಿಡುವುದು ಕಷ್ಟ. ಹೋಟೆಲಿನ ಶವರಿನಲ್ಲಿ ಬಿಸಿನೀರು ಬರುವ ಮೊದಲು ತಣ್ಣೀರು ಹರಿದುಹೋಗುವುದನ್ನು ಕಲ್ಲಪ್ಪಣ್ಣನ ಜೀವ ತಡೆಯಲಿಲ್ಲ. ಕಸದ ಬುಟ್ಟಿಯಲ್ಲಿ ಅದನ್ನು ಹಿಡಿದಿಟ್ಟ. ಹಿಡಿದಿಟ್ಟ ಮೇಲೆ ಏನು ಮಾಡಬೇಕು ತಿಳಿಯದೆ, ಹೊರಗಿನ ಪಡಸಾಲೆಯಲ್ಲಿದ್ದ ಹೂವಿನ ಕುಂಡಕ್ಕೆ ಸುರಿದು ಪುಣ್ಯ ಕಟ್ಟಿಕೊಂಡ. ಗಿಡ ಪ್ಲಾಸ್ಟಿಕ್ಕಿನದು. ನೀರು ರತ್ನಗಂಬಳಿಯ ಮೇಲೆ ಮ್ಯಾನೇಜರನ ಬಾಗಿಲ ತನಕ ಹೋಯಿತು.

ಬಸ್ಸು ಕೆಟ್ಟ ಜಾಗ

ನಾಲ್ಕನೆಯ ದಿನ ಬೆಳಿಗ್ಗೆ ಮಳೆ ಇಲ್ಲ, ಗಾಳಿಯೂ ಇಲ್ಲ. ಗುಡ್ಡಗಳ ನಡುವೆ ನಮ್ಮ ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು. ಡೀಲರುಗಳು ಇಸ್ಪೀಟು ತೆಗೆದರು. ಕಲ್ಲಪ್ಪಣ್ಣನಿಗೆ ಅವಸರವಾಗಿ ಪಾಯಖಾನೆ ಬೇಕಿತ್ತು. ಅಷ್ಟು ದೂರದಲ್ಲಿ ಒಂದು ತಗಡಿನ ಷೆಡ್ಡು ಕಂಡಿತು. ಇಬ್ಬರೂ ಹೋದೆವು.

ಅದು ವಿಮಾನ ನಿಲ್ದಾಣವಂತೆ. ಹುಲ್ಲುಗಾವಲು, ಒಂದು ಷೆಡ್ಡು, ಗಾಳಿ ತೋರಿಸುವ ಬಟ್ಟೆಯ ಚೀಲ, ಅಷ್ಟೇ. ಷೆಡ್ಡಿನ ಮುಂದೆ ಹಳದಿ ಬಣ್ಣದ ಚಿಕ್ಕ ವಿಮಾನ. ಮೇಲೊಂದು ಕೆಳಗೊಂದು ಎರಡು ಜೊತೆ ರೆಕ್ಕೆ, ನಡುವೆ ತಂತಿ ಬಿಗಿದಿದೆ. ತಲೆಯ ಮೇಲೆ ಮುಚ್ಚಳವಿಲ್ಲ. ಹಿಂದೊಬ್ಬ ಮುಂದೊಬ್ಬ ಕೂರಲು ಎರಡು ತೊಟ್ಟಿ. ರೆಕ್ಕೆ ಮುಟ್ಟಿ ನೋಡಿದೆ. ಬಟ್ಟೆ! ನಮ್ಮ ಹಳೆಯ ಸವಾರಿ ಗಾಡಿಯ ಕಮಾನಿಗೆ ಹೊದಿಸುತ್ತಿದ್ದಂಥ ಬಟ್ಟೆಗೆ ಬಣ್ಣ ಬಳಿದಿದ್ದರು.

ಅದರ ಪೈಲಟ್ ಡಗ್, ಐವತ್ತರ ಆಳು. ಕೈಯೆಲ್ಲ ಎಣ್ಣೆ. ಅವನ ಪಕ್ಕದಲ್ಲಿ ಆಕಾಶ ನೋಡುತ್ತ ನಿಂತಿದ್ದವರು ನೋರಾ, ಎಂಬತ್ತು ದಾಟಿದ ಮುದುಕಿ. ನೋರಾ ಎಂದೇ ಕರೆಯಿರಿ ಎಂದರು. ಅಷ್ಟು ವಯಸ್ಸಿನವರನ್ನು ಹೆಸರು ಹಿಡಿದು ಕರೆದರೆ ನಿಲಂಗಾದಲ್ಲಿ ಕಪಾಳಕ್ಕೆ ಬೀಳುತ್ತದೆ, ನಾನು ನಮ್ಮ ಕಡೆ ಅಜ್ಜಿಯಂದಿರನ್ನು ಕರೆಯುವ ಹಾಗೆ ನೋರಾ ಆಯಿ ಎಂದೆ. ಅವರಾಡಿದ ಇಂಗ್ಲಿಷೆಲ್ಲ ನನ್ನ ನೆನಪಿನಲ್ಲಿ ನಮ್ಮೂರ ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

ಡಗ್ ವಿಮಾನದ ಚರಿತ್ರೆ ಹೇಳಿದ. ಇದು ಟೈಗರ್ ಮಾತ್, ಯುದ್ಧದ ಕಾಲದಲ್ಲಿ ಹುಡುಗರಿಗೆ ಹಾರಲು ಕಲಿಸಿದ ವಿಮಾನ. ಮುಂದಿನ ತೊಟ್ಟಿಯಲ್ಲೊಬ್ಬ ಗುರು, ಹಿಂದಿನದರಲ್ಲೊಬ್ಬ ಶಿಷ್ಯ, ನಡುವೆ ಮಾತಾಡಲು ಒಂದು ಕೊಳವೆ. ಗುರು ಅದರಲ್ಲಿ ಬೈಯುತ್ತಿದ್ದ. ಯುದ್ಧ ಮುಗಿಯಿತು, ಸೈನ್ಯ ಇವುಗಳನ್ನು ಮಾರಿತು. ಇಲ್ಲಿಯ ಗುಡ್ಡಗಳೋ ಟ್ರಾಕ್ಟರ್ ಹತ್ತದಂಥವು. ಆಗ ಯಾರಿಗೋ ಹೊಳೆಯಿತು: ಗುರುವಿನ ಸೀಟು ಕಿತ್ತು, ಅಲ್ಲಿ ದೊಡ್ಡ ಡಬ್ಬ ಕೂಡಿಸಿ, ಅದರಲ್ಲಿ ಸೂಪರ್ ಫಾಸ್ಫೇಟ್ ತುಂಬಿ ಗುಡ್ಡದ ಮೇಲೆ ಉದುರಿಸಿದರೆ?

"ಸೂಪರ್ ಫಾಸ್ಫೇಟ್!" ಎಂದು ನಾನು ಕಿರುಚಿದೆ. ಪರದೇಶದಲ್ಲಿ ಬಂಧು ಸಿಕ್ಕ ಹಾಗಾಯಿತು. ನನ್ನ ಅಂಗಡಿಯ ತುಂಬ ಅದೇ ಮಾಲು. ನಮ್ಮಲ್ಲಿ ಅದನ್ನು ಉಡಿಯಲ್ಲಿ ತುಂಬಿಕೊಂಡು ಹೆಂಗಸರು ಕೈಯಿಂದ ಚೆಲ್ಲುತ್ತಾರೆ. ವಿಮಾನದಿಂದ ಚೆಲ್ಲಿದರೆ ಗಾಳಿಗೆ ಪಕ್ಕದ ಹೊಲಕ್ಕೆ ಹೋಗಿ, ನಿಲಂಗಾದ ಕೋರ್ಟಿನಲ್ಲಿ ಮೂರು ತಲೆಮಾರು ಖಟ್ಲೆ ನಡೆಯುತ್ತಿತ್ತು.

"ನಮ್ಮ ಬಿಲ್ ಇದರಾಗ ಹಾರೋದು ಕಲ್ತಾಂವ," ಎಂದರು ನೋರಾ ಆಯಿ. "ಆಮ್ಯಾಲ ಇದರಾಗೇ ಗೊಬ್ಬರ ಚೆಲ್ಲಿದಾ. ಆ ಗುಡ್ಡಾ ಕಾಣ್ತದಲ್ಲ, ಅದಕ್ಕ ಹಸರ ಬಂದದ್ದು ಅಂವನ ಕೈಲಿಂದ." ಬಿಲ್ ಅವರ ಗಂಡ. ಎಲ್ಲಿದ್ದಾರೆ ಎಂದು ನಾನು ಕೇಳಲಿಲ್ಲ. ಗುಡ್ಡದ ಕಡೆ ಕೈ ತೋರಿಸಿದ್ದರಿಂದ ಅಲ್ಲೇ ಎಲ್ಲೋ ಕುರಿ ಕಾಯುತ್ತಿರಬೇಕು ಅಂದುಕೊಂಡೆ. ಆಯಿ ಮತ್ತೆ ಆಕಾಶ ನೋಡಲು ನಡೆದರು. ಡಗ್ ಎಂಜಿನ್ನಿಗೆ ತಲೆ ಹಾಕಿದ. ಕಲ್ಲಪ್ಪಣ್ಣ ಪಾಯಖಾನೆ ಹುಡುಕಿಕೊಂಡು ಹೋದ.

ಮೇಜು

ಷೆಡ್ಡಿನೊಳಗೆ ಒಂದು ಮೇಜು. ಮೇಲೆ ಬಿಳಿ ಬಟ್ಟೆ. ಒಬ್ಬ ಹಿರಿಯರ ಫೋಟೋ, ಅದರ ಮುಂದೆ ಹೂವು, ಹಚ್ಚಿಟ್ಟ ಮೇಣದ ದೀಪ, ಒಂದು ತಟ್ಟೆಯಲ್ಲಿ ಕೇಕು. ನಡುವೆ ಮುಚ್ಚಳ ತೆಗೆದ ಕಟ್ಟಿಗೆಯ ಪೆಟ್ಟಿಗೆ, ಅದರ ತುಂಬ ಬೂದಿ.

ನೀವು ನಮ್ಮ ಕಡೆಯವರಾದರೆ ಏನು ಮಾಡುತ್ತಿದ್ದಿರಿ? ಫೋಟೋ, ಹೂವು, ದೀಪ, ಪ್ರಸಾದ, ಬೂದಿ. ಈ ದೇಶದಲ್ಲೂ ಶರಣರಿದ್ದಾರೆ ಎಂದು ಕಣ್ಣಲ್ಲಿ ನೀರೇ ಬಂತು. ಚಪ್ಪಲಿ ಬಿಟ್ಟೆ. ಫೋಟೋಕ್ಕೆ ಕೈ ಮುಗಿದೆ. ಒಣ ಬೂದಿ ನಿಲ್ಲುವುದಿಲ್ಲವೆಂದು ಪಕ್ಕದ ಗ್ಲಾಸಿನ ನೀರಿನಲ್ಲಿ ಮೂರು ಬೆರಳು ಅದ್ದಿ, ಪೆಟ್ಟಿಗೆಯಲ್ಲಿ ಒತ್ತಿ, ಹಣೆಯ ಈ ತುದಿಯಿಂದ ಆ ತುದಿಗೆ ಎಳೆದೆ. ಬೂದಿ ಸ್ವಲ್ಪ ಒರಟಾಗಿತ್ತು. ಇಲ್ಲಿಯ ಆಕಳು ಬೇರೆ ಹುಲ್ಲು ತಿನ್ನುತ್ತವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ನಾಲ್ಕು ದಿನದ ಮೇಲೆ ಹಣೆ ತಂಪಾಯಿತು.

ಹಿಂದೆ ತಿರುಗಿದರೆ ಡಗ್. ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗೆ ಬಿತ್ತು.

"ಅದು ಬಿಲ್," ಎಂದ.

"ಹೌದ್ರೀ, ಫೋಟೋ ಭಾಳ ಛಂದ ಬಂದದ," ಎಂದೆ.

"ಫೋಟೋ ಅಲ್ಲ. ನಿನ್ನ ಹಣಿ ಮ್ಯಾಲ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ, ಮಣ್ಣು ಕೊಡುತ್ತೇವೆ. ಪೆಟ್ಟಿಗೆಯಲ್ಲಿ ಬೂದಿ ಎಂದರೆ ಅದು ಮನುಷ್ಯನಿರಬಹುದು ಎಂಬ ವಿಚಾರ ನನ್ನ ತಲೆಗೆ ಬರುವ ದಾರಿಯೇ ಇರಲಿಲ್ಲ.

ಡಗ್ ದನಿ ತಗ್ಗಿಸಿ ಹೇಳಿದ. ಬಿಲ್ ಅಜ್ಜ ತೀರಿಕೊಂಡು ಮೂರು ವರ್ಷ. ತನ್ನನ್ನು ಈ ವಿಮಾನದಿಂದಲೇ ಆ ಗುಡ್ಡದ ಮೇಲೆ ಚೆಲ್ಲಬೇಕು, ಚೂರೂ ಉಳಿಸಬಾರದು ಎಂದು ಹೇಳಿ ಹೋಗಿದ್ದ. ಡಬ್ಬದಲ್ಲಿ ಮಾಲು ಉಳಿಸಿಕೊಂಡು ಇಳಿಯುವವನು ಪೈಲಟ್ಟೇ ಅಲ್ಲ ಎಂಬುದು ಅವನ ಕಾಲದವರ ಮಾತು. ಸೀಟಿನ ಕೆಳಗೆ ತಗಡಿನ ಡಬ್ಬ, ಅದಕ್ಕೊಂದು ದಾರ. ಮುಂದಿನ ತೊಟ್ಟಿಯಲ್ಲಿ ಆಯಿ ಕೂತು ದಾರ ಎಳೆಯಬೇಕು. "ಮೂರು ಸಲ ತಯಾರಿ ಆಗ್ಯಾದ. ಮೂರೂ ಸಲ ಗಾಳಿ ಬರೋಬ್ಬರಿ ಇಲ್ಲ ಅಂತ ಆಕಿ ತಿರುಗಿ ಹೋಗ್ಯಾಳ. ಇವತ್ತು ಎಲಿ ಸುದ್ದಾ ಅಳ್ಳಾಡವಲ್ದು. ಈಗ ನೀ!"

ಅಷ್ಟರಲ್ಲಿ ಕಲ್ಲಪ್ಪಣ್ಣ ಬಂದ. ವಿಷಯ ತಿಳಿದು ಎರಡು ಮಾರು ಹಿಂದೆ ಹಾರಿದ.

"ಅಯ್ಯಯ್ಯೋ, ಹೆಣದ ಬೂದಿ! ಮುಟ್ಟಬ್ಯಾಡ ನನ್ನ. ಮೊದಲ ಹೋಗಿ ತಲಿ ಮ್ಯಾಲ ನೀರ ಹಾಕ್ಕೋ!"

"ಶರಣರಿಗೆ ಸೂತಕ ಇಲ್ಲ ಅಂತ ವರ್ಷಾ ಮೇಜ ಗುದ್ದಾಂವ ನೀನೇ ಅಲ್ಲೇನು?"

"ಅದು ಭಾಷಣಾ ಮಲ್ಯಾ! ಭಾಷಣಾ ಬ್ಯಾರೆ, ಹಣಿ ಬ್ಯಾರೆ. ಸುಮ್ನ ಕರ್ಚೀಫಿನಿಂದ ಒರಸ್ಕೊ, ಮುದುಕಿಗೆ ಏನ್ ತಿಳೀತದ?"

ಒರೆಸಿಕೊಳ್ಳಬಹುದಿತ್ತು. ಕರ್ಚೀಫು ಕಿಸೆಗೆ, ಕಿಸೆ ಸೂಟ್‌ಕೇಸಿಗೆ, ಸೂಟ್‌ಕೇಸು ನಿಲಂಗಾಕ್ಕೆ. ಅಲ್ಲಿ ಶಾಂತಾ ಅರ್ಧ ಬಕೆಟ್ ನೀರಿನಲ್ಲಿ ಒಗೆದು, ಆ ನೀರನ್ನು ತುಳಸಿಗೆ ಹಾಕುತ್ತಾಳೆ. ಬಿಲ್ ಅಜ್ಜನ ಗತಿ ಏನು? ಚೂರೂ ಉಳಿಸಬೇಡ ಎಂದವನು ಅವನು. ನಾನೇ ಹೊರಗೆ ಹೋಗಿ ಆಯಿಯ ಮುಂದೆ ನಿಂತೆ.

"ಆಯಿ, ತಪ್ಪಾಗ್ಯಾದ. ನಮ್ಮಲ್ಲಿ ಬೂದಿ ಅಂದ್ರ ಹಣಿಗೆ ಹಚ್ಚೋದು. ಅದಕ್ಕ ಇದಕಿಂತ ಮ್ಯಾಲಿನ ಜಾಗಾ ಇಲ್ಲ. ಯಾರಂತ ಗೊತ್ತಿರಲಿಲ್ಲ ನನಗ."

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ನಾನು, ಬೀಳುತ್ತಾರೆ ಎಂದು ಡಗ್ ತಯಾರಾಗಿದ್ದೆವು.

"ಮೂರು ಗೆರಿ ಯಾಕ?" ಎಂದು ಕೇಳಿದರು.

ಆ ಹೊತ್ತಿನಲ್ಲಿ ಅದರ ತತ್ವ ನೆನಪಾಗಲಿಲ್ಲ. "ಮೂರು ಬಟ್ಟಿಂದ ಹಚ್ಚತೀವಿ, ಅದಕ್ಕ," ಎಂದು ಮೂರು ಬೆರಳು ತೋರಿಸಿದೆ.

ಆಯಿ ನಕ್ಕುಬಿಟ್ಟರು. ಆಮೇಲೆ ರೆಕ್ಕೆಯ ಧೂಳು ಒರೆಸುವ ಮೆತ್ತನೆಯ ಬ್ರಷ್ಷು ತಂದು, ಪೆಟ್ಟಿಗೆಯನ್ನು ನನ್ನ ಗದ್ದದ ಕೆಳಗೆ ಹಿಡಿದು, ಹಣೆ ಗುಡಿಸಿದರು. ನೀರು ಹಚ್ಚಿ ಎಳೆದ ಬೂದಿ ಗಾರೆಯ ಹಾಗೆ ಕೂತಿತ್ತು. ಅರ್ಧ ಉದುರಿತು, ಅರ್ಧ ಹಣೆಯ ಸುಕ್ಕುಗಳಲ್ಲಿ ಉಳಿಯಿತು. ಬರಗಾಲದಲ್ಲಿ ಗೊಬ್ಬರ ಮಾರಿದವನ ಹಣೆ, ಸುಕ್ಕಿಗೇನು ಕಡಿಮೆ?

"ಬರವಲ್ದು," ಎಂದರು ಆಯಿ. ಬ್ರಷ್ಷು ಕೆಳಗಿಟ್ಟರು. "ಇಂವಾ ಮ್ಯಾಲ ಹೋಗಬೇಕಾಗ್ತದ ಡಗ್. ಗಾಳಿಗೆ ಬರ್ತದ."

ಡಗ್ ಗಡಿಯಾರ ನೋಡಿದ. ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ, ಒಂದೇ ಸಲ ಹೋಗಿಬರಲು ಆದೀತು, ಮುಂದಿನ ಸೀಟೂ ಒಂದೇ ಎಂದ. ಆಯಿ ಹೋಗುವುದೋ, ಈತ ಹೋಗುವುದೋ?

"ಬಿಲ್ ಪೂರಾ ಹೋಗಬೇಕು," ಎಂದರು ಆಯಿ. "ದಾರಾನೂ ಇಂವನೇ ಎಳೀಲಿ."

ಮೇಲೆ

ಅಂಗಡಿಯ ಏಣಿ ಹತ್ತದವನು ಬಟ್ಟೆಯ ವಿಮಾನ ಹತ್ತಿದೆ. ಚರ್ಮದ ಟೊಪ್ಪಿಗೆ ಹಾಕಿ, ಹಣೆ ಬಯಲಿರಲೆಂದು ಆಯಿ ಅದನ್ನು ತಾವೇ ಹಿಂದೆ ಸರಿಸಿದರು. ಕಲ್ಲಪ್ಪಣ್ಣ ದೂರದಿಂದಲೇ ಕೂಗಿದ: "ಮಲ್ಯಾ, ಅಂಗಡಿ ಕೀಲಿ ಯಾರ ಕಡಿ ಅದಾವ, ಹೇಳಿ ಹೋಗೋ!"

ಡಗ್ ಪೆಟ್ಟಿಗೆಯ ಬೂದಿಯನ್ನು ಸೀಟಿನ ಕೆಳಗಿನ ಡಬ್ಬಕ್ಕೆ ಸುರಿದು, ಮುಂದೆ ಹೋಗಿ ಪಂಕ ತಿರುವಿದ. ಎಂಜಿನ್ನು ಹಿಡಿದ ಮೇಲೆ ಓಡಿಬಂದು ನನ್ನ ಹಿಂದಿನ ತೊಟ್ಟಿಗೆ ಏರಿದ. ಹುಲ್ಲಿನ ಮೇಲೆ ಕುಣಿಯುತ್ತ ಓಡಿದ್ದು ಗೊತ್ತು, ನೆಲ ಬಿಟ್ಟದ್ದು ಗೊತ್ತಿಲ್ಲ, ಕಣ್ಣು ಮುಚ್ಚಿದ್ದೆ. ಕಿವಿಯ ಕೊಳವೆಯಲ್ಲಿ ಡಗ್ ಬೈಯುತ್ತಿದ್ದ. ಕಣ್ಣು ತೆರೆ ಎಂಬುದೊಂದು ಅರ್ಥವಾಗಿ ತೆರೆದರೆ, ಕೆಳಗೆ ಗುಡ್ಡ. ಕಂಡದ್ದನ್ನು ಹೇಳಲೇಬೇಕು. ಬೇಲಿಯ ಈಚೆಗೆ ಕಪ್ಪು ಪೊದೆ, ಆಚೆಗೆ ಗಿಳಿಹಸಿರು. ಒಬ್ಬ ಮನುಷ್ಯ ವರ್ಷಗಟ್ಟಲೆ ಮೇಲಿನಿಂದ ಚೆಲ್ಲಿ ಚೆಲ್ಲಿ ಮಾಡಿದ ಹಸಿರು. ನಾನು ಇಷ್ಟು ವರ್ಷ ಚೀಲ ಮಾರಿದ್ದೇನೆ, ಹೊಲಕ್ಕೆ ಹೋಗಿ ಅದರಿಂದ ಏನಾಯಿತೆಂದು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು.

ವಿಮಾನ ರೆಕ್ಕೆ ಅಲ್ಲಾಡಿಸಿತು. ಡಗ್ ಹೇಳಿಟ್ಟಿದ್ದ ಗುರುತು ಅದೇ. ದಾರ ಎಳೆದೆ. ಕೆಳಗೆ ಬೂದುಬಣ್ಣದ ಗೆರೆಯೊಂದು ಬಿಚ್ಚಿಕೊಂಡು, ಅಗಲವಾಗಿ, ಹುಲ್ಲಿನಲ್ಲಿ ಕಾಣದಾಯಿತು. ಆಮೇಲೆ ಪಕ್ಕಕ್ಕೆ ತಲೆ ಹೊರಗೆ ಹಾಕಿ, ಎಡಗೈಯಲ್ಲಿ ತೊಟ್ಟಿಯ ಅಂಚು ಹಿಡಿದು, ಬಲಗೈಯಿಂದ ಹಣೆ ಗಸಗಸ ತಿಕ್ಕಿದೆ. ಗಾಳಿ ಕೆನ್ನೆಗೆ ಹೊಡೆಯಿತು. "ಹೋಗಿ ಬರ್ರಿ ಅಜ್ಜಾ, ಶರಣು," ಎಂದು ಕೂಗಿದೆ. ನನಗೇ ಕೇಳಿಸಲಿಲ್ಲ.

ಕೆಳಗೆ

ಇಳಿದೆವು. ಡಗ್ ಡಬ್ಬ ತೆಗೆದು ತಲೆಕೆಳಗು ಮಾಡಿ ತೋರಿಸಿದ, ಖಾಲಿ. ನೋರಾ ಆಯಿ ಅದನ್ನು ನೋಡಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದರು.

"ದಾರಾ ಎಳಿಯೋದು ಜಡಾ ಹತ್ತಿತೇನು?"

"ಇಲ್ಲ ಆಯಿ. ಎರಡ ಬಟ್ಟಿಗೆ ಬಂತು."

"ನನಗ ಮೂರು ವರ್ಷಾತು, ಬರವಲ್ದು," ಎಂದರು. "ಗಾಳಿ ಮೂರೂ ಸಲ ಛಲೋನೇ ಇತ್ತು."

ಡಗ್ ಬೇರೆ ಕಡೆ ಮುಖ ತಿರುಗಿಸಿದ. ಆಯಿ ಹೆಬ್ಬೆಟ್ಟಿನಿಂದ ನನ್ನ ಹಣೆ ಸವರಿದರು, ಗೆರೆ ಗೆರೆ. ಏನೂ ಇರಲಿಲ್ಲ. ಆಮೇಲೆ ಎಡಹುಬ್ಬಿನಲ್ಲಿ ಏನೋ ಕಂಡಿತು. ಉಗುರಿನಿಂದ ಬಿಡಿಸಿ ಬೆರಳ ತುದಿಯಲ್ಲಿ ಇಟ್ಟುಕೊಂಡರು. ಸಾಸಿವೆಯಷ್ಟೂ ಇಲ್ಲ, ಒಂದು ಬೂದಿಯ ಚೂರು. ಅದನ್ನೇ ನೋಡುತ್ತ ನಿಂತರು. ಕಡೆಗೆ ಗುಡ್ಡಕ್ಕೆ ಮುಖ ಮಾಡಿ, ಬೆರಳನ್ನು ತುಟಿಯ ಹತ್ತಿರ ತಂದು, ಊದಿದರು.

ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕುಳಿತು, ಚಿಕ್ಕವರ ಹಾಗೆ ಬಾಯಿ ತೆರೆದು ಅತ್ತರು. ಮಣ್ಣಿಗೆ ಹೋಗಿಬಂದವರು ಆ ಮನೆಯ ಮುಂದೆ ಸ್ವಲ್ಪ ಹೊತ್ತು ಕೂತು ಏಳುವುದು ನಮ್ಮ ಕಡೆಯ ರೂಢಿ. ನಾನು ಅವರ ಪಕ್ಕದಲ್ಲಿ ಕುಳಿತೆ. ನನ್ನ ಕಣ್ಣೂ ತಡೆಯಲಿಲ್ಲ. ರಸ್ತೆಯಲ್ಲಿ ನಮ್ಮ ಬಸ್ಸು ರಿಪೇರಿಯಾಗಿ ಒಂದೇ ಸಮನೆ ಹಾರ್ನು ಹೊಡೆಯುತ್ತಿತ್ತು. ಕಲ್ಲಪ್ಪಣ್ಣ ಎರಡು ಮಾರು ದೂರದಲ್ಲಿ ನಿಂತೇ ಇದ್ದ. ಬಸ್ಸಿನ ಕಡೆ ನೋಡಿದ, ನಮ್ಮ ಕಡೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಂದು ಆಯಿಯ ಇನ್ನೊಂದು ಮಗ್ಗುಲಿಗೆ ಕುಳಿತು, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.